ಏಳು ಒಂದುಗಳ ಲೆಕ್ಕ

ಆ ವರ್ಷ ರಾಯದುರ್ಗದಲ್ಲಿ ಇಲಿ ಬಿದ್ದವು. ಮದರಾಸು ಸರ್ಕಾರದ ಕಾಲ; ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನನಗೆ ಹತ್ತು ವರ್ಷವಿರಬೇಕು. ಮೊದಲು ಬಜಾರಿನ ಕಾಳಿನ ಅಂಗಡಿಗಳಲ್ಲಿ, ಆಮೇಲೆ ನಮ್ಮ ಓಣಿಯ ಮನೆಗಳಲ್ಲಿ ಜಂತಿಯಿಂದ ಇಲಿಗಳು ಕೆಳಗುರುಳಿ, ಒಂದಿಷ್ಟು ಸುತ್ತು ತಿರುಗಿ ಸತ್ತವು. ಪ್ಲೇಗು ಬಂತೆಂದು ತಾಲೂಕು ಕಚೇರಿಯವರು ಡಂಗುರ ಹೊಡೆಸುವ ಮೊದಲೇ ಜನ ಬಂಡಿ ಕಟ್ಟಿದ್ದರು. ನಾವೂ ಮನೆಗೆ ಬೀಗ ಹಾಕಿ ಊರ ಹೊರಗಿನ ಹೊಲಗಳಲ್ಲಿ ಜೋಳದ ದಂಟು, ಈಚಲ ಚಾಪೆ ಸೇರಿಸಿ ಕಟ್ಟಿದ ಗುಡಿಸಲಿಗೆ ಬಂದೆವು. ನಾವೆಂದರೆ ನಾಲ್ಕು ಜನ. ಅಪ್ಪ, ಅವ್ವ, ಹದಿನೈದು ವರ್ಷದ ಅಣ್ಣ, ನಾನು.

ಅಪ್ಪ ಸ್ಕೂಲಿನಲ್ಲಿ ಲೆಕ್ಕ ಕಲಿಸುವ ಮೇಷ್ಟರು. ಅವ್ವ ಅರಳೆ ವ್ಯಾಪಾರದವರ ಮಗಳು. ಅಣ್ಣನಿಗೆ ಓದು ಹತ್ತಲಿಲ್ಲ. ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೂತು ಗಜ ಹಿಡಿಯುತ್ತಿದ್ದ. ಸಂಜೆ ಬರುವಾಗ ಕತ್ತರಿಸಿ ಉಳಿದ ತುಂಡುಬಟ್ಟೆ ತರುತ್ತಿದ್ದ. ನನ್ನ ಲಂಗದ ಅಂಚೆಲ್ಲ ಆ ತುಂಡುಗಳದ್ದೇ. ಅಪ್ಪ ಅವನಿಗೆ ಲೆಕ್ಕ ಹೇಳಿಕೊಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅದರಿಂದ ಇಬ್ಬರಿಗೂ ನೆಮ್ಮದಿಯೇ ಆಗಿತ್ತೆಂದು ಕಾಣುತ್ತದೆ. ಸಂಜೆ ಇಬ್ಬರೂ ಸೇರಿ ನೀರು ಸೇದುತ್ತಿದ್ದರು, ನಗುತ್ತಿದ್ದರು.

ಹೊಲದಲ್ಲಿ ಮಾಡಲು ಏನೂ ಇರಲಿಲ್ಲ. ಸ್ಕೂಲು ಮುಚ್ಚಿತ್ತು. ನನ್ನನ್ನು ಬೇರೆ ಗುಡಿಸಲುಗಳ ಕಡೆ ಹೋಗದಂತೆ ಹಿಡಿದಿಡಬೇಕಿತ್ತು. ಅಪ್ಪ ಸಾಮಾನಿನ ಗಂಟಿನಿಂದ ಕಲ್ಲುಹಲಗೆ, ಬಳಪ ತೆಗೆದು, “ಬಾ ಇಲ್ಲಿ, ಒಂದರ ಪಕ್ಕ ಒಂದು ಬರಿ” ಎಂದರು.

ಹನ್ನೊಂದು ಬರೆದೆ. “ಇದು ಯಾವುದರಿಂದ ಒಡೀತದ?” ಎಂದು ಕೇಳಿದರು. ಯಾವುದರಿಂದಲೂ ಇಲ್ಲ ಎಂದೆ. ತನ್ನಿಂದ ಮತ್ತು ಒಂದರಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಎನ್ನುತ್ತಾರೆಂದು ಆವತ್ತು ಕಲಿತೆ. ಇನ್ನೊಂದು ಒಂದು ಸೇರಿಸಿದೆ. ನೂರ ಹನ್ನೊಂದು, ಅದು ಮೂರರಿಂದ ಒಡೆಯಿತು. ನಾಲ್ಕು ಒಂದುಗಳು ಹನ್ನೊಂದರಿಂದ ಒಡೆದವು. ಐದು ಒಂದುಗಳಿಗೆ ಇಡೀ ಒಂದು ಮಧ್ಯಾಹ್ನ ಹಿಡಿಯಿತು; ಕೊನೆಗೆ ನಲವತ್ತೊಂದರಿಂದ ಒಡೆಯಿತು. ಆರು ಒಂದುಗಳು ಸಣ್ಣ ಸಣ್ಣ ಸಂಖ್ಯೆಗಳಿಗೇ ಪುಡಿಯಾದವು. ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು, ಎಲ್ಲವೂ ಅದನ್ನು ಭಾಗಿಸುತ್ತವೆ.

“ಈಗ ಏಳು ಒಂದು” ಎಂದರು ಅಪ್ಪ. ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು.

ಅದು ಬಗ್ಗಲಿಲ್ಲ. ಮೂರು, ಏಳು, ಹನ್ನೊಂದನ್ನು ಪ್ರಯತ್ನಿಸುವುದೇ ಬೇಡ ಎಂದು ಅಪ್ಪ ತಿಳಿಸಿಕೊಟ್ಟರು. ಆರು ಒಂದುಗಳ ಮುಂದೆ ಸೊನ್ನೆ ಇಟ್ಟು ಅದಕ್ಕೆ ಒಂದು ಕೂಡಿಸಿದರೆ ಏಳು ಒಂದುಗಳಾಗುತ್ತವೆ. ಹಾಗಾಗಿ ಆರು ಒಂದುಗಳನ್ನು ಒಡೆದ ಯಾವ ಸಂಖ್ಯೆ ತಂದರೂ ಇಲ್ಲಿ ಒಂದು ಶೇಷ ಉಳಿದೇ ಉಳಿಯುತ್ತದೆ. ಉಳಿದ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದೊಂದೇ ದಾರಿ. ಸಾವಿರದ ಐವತ್ತನಾಲ್ಕರ ತನಕ ನೋಡಿದರೆ ಸಾಕು; ಸಂಖ್ಯೆ ಎರಡು ಭಾಗವಾಗುವುದಾದರೆ ಸಣ್ಣ ಭಾಗ ಅಷ್ಟರೊಳಗೆ ಸಿಗಲೇಬೇಕು. ಹದಿನೇಳು, ಹತ್ತೊಂಬತ್ತು, ಇಪ್ಪತ್ಮೂರು ಎಂದು ಶುರು ಮಾಡಿದೆವು. ಅಪ್ಪ ಬರೆಯುವುದು, ನಾನು ಮಗ್ಗಿ ಹೇಳುವುದು. ಒಂದು ಮುಗಿದರೆ ಒರೆಸಿ ಇನ್ನೊಂದು. ಅಣ್ಣ ದೂರ ಕೂತು, “ಅದನ್ನ ಒಡದು ಏನು ಒಗ್ಗರಣಿ ಹಾಕ್ತೀರಿ?” ಎಂದು ನಗುತ್ತಿದ್ದ.

ಮಾವ ಅಂಗಡಿಯ ಬೀಗ ನೋಡಿ ಬಾ ಎಂದು ಅಣ್ಣನನ್ನು ಊರೊಳಗೆ ಕಳಿಸಿದ್ದ. ಅಲ್ಲಿಂದ ಬಂದ ಎರಡು ಮೂರು ದಿನಕ್ಕೆ ಅಣ್ಣನಿಗೆ ಜ್ವರ ಬಂತು. ಮಾರನೆಯ ಬೆಳಿಗ್ಗೆ ತೊಡೆಯ ಸಂದಿನಲ್ಲಿ ಗಡ್ಡೆ ಕಾಣಿಸಿತು.

ಅಪ್ಪ, ಅವ್ವ ಗುಡಿಸಲಿನ ಹೊರಗೆ ನಿಂತು ಮಾತಾಡಿದರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಕಾಯಿಲೆಯವರನ್ನು ಹಳ್ಳದ ಆಚೆ ದಂಡೆಯ ಗುಡಿಸಲುಗಳಿಗೆ ಒಯ್ಯಬೇಕಿತ್ತು. ಜೊತೆಗೆ ಒಬ್ಬರು ಹೋಗಬಹುದು. ಹೋದವರು ಈಚೆ ಬರುವಂತಿಲ್ಲ.

“ನಾ ಹೋಗತೀನಿ” ಎಂದರು ಅಪ್ಪ.

“ಬ್ಯಾಡ್ರಿ. ನಿಮಗ ಏನಾರ ಆದ್ರ ಈ ಹುಡುಗೀನ್ನ ಹಿಡಕೊಂಡು ನಾ ಏನು ಮಾಡ್ಲಿ? ನಾನ ಹೋಗತೀನಿ. ನೀವು ಅಕೀನ್ನ ನೋಡ್ಕೊರ್ರಿ. ನಾ ಕೂಗಿದಾಗ ಮಾತ್ರ ಬರ್ರಿ.”

ಹೀಗೆ ಮನೆ ಎರಡಾಯಿತು. ಆಚೆ ದಂಡೆಯಲ್ಲಿ ಅವ್ವ ಮತ್ತು ಅಣ್ಣ, ಈಚೆ ಅಪ್ಪ ಮತ್ತು ನಾನು. ಅಪ್ಪ ದಿನಾ ಹಳ್ಳದ ನಡುವಿನ ಬಂಡೆಯ ಮೇಲೆ ಗಂಜಿಯ ತಂಬಿಗೆ ಇಟ್ಟು ಹಿಂದೆ ಸರಿಯುತ್ತಿದ್ದರು. ಅವ್ವ ಇಳಿದು ಬಂದು ಒಯ್ಯುತ್ತಿದ್ದಳು. ಅಷ್ಟು ದೂರದಿಂದಲೇ “ಹೆಂಗಾನ?” ಎಂದು ಕೇಳುವುದು, ಅವ್ವ ಕೈ ಆಡಿಸುವುದು. ಉಳಿದ ಹೊತ್ತೆಲ್ಲ ಹಲಗೆ. ನಾನು ಆಚೆ ದಂಡೆಯತ್ತ ಓಡಿಹೋದೇನೆಂಬ ಹೆದರಿಕೆಗೆ ಅಪ್ಪ ನನ್ನ ಲಂಗದ ಚುಂಗನ್ನು ತಮ್ಮ ಮೊಣಕಾಲ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಅವರ ಬಳಪ ಒತ್ತಿ ಬರೆದು ಬರೆದು ಮುರಿಯುತ್ತಿತ್ತು.

ಅವತ್ತು ಮಧ್ಯಾಹ್ನ ಗಾಳಿ ಬಹಳ ಇತ್ತು. ಇನ್ನೂರ ಮೂವತ್ತೊಂಬತ್ತಕ್ಕೆ ಬಂದಿದ್ದೆವು. ನಾಕಲೆ ಎಷ್ಟು, ಆರಲೆ ಎಷ್ಟು ಎಂದು ಅಪ್ಪ ಕೇಳಿದ್ದು, ನಾನು ಹೇಳಿದ್ದು ನೆನಪಿದೆ. ಆಮೇಲೆ ಆಚೆ ದಂಡೆಯಿಂದ ಅವ್ವನ ಕೂಗು. ನನ್ನ ನೆನಪಿನಲ್ಲಿ ಉಳಿದಿರುವುದು ಇಷ್ಟು: ಅಪ್ಪ ಹಳ್ಳದಲ್ಲಿ ಬರಿಗಾಲಲ್ಲಿ ಓಡುತ್ತಿದ್ದಾರೆ, ಹಲಗೆ ನನ್ನ ತೊಡೆಯ ಮೇಲಿದೆ, ಅದರ ಕೆಳತುದಿಯಲ್ಲಿ ಇನ್ನೂರ ಹದಿನೈದು ಎಂದು ಬರೆದಿದೆ. ಅವರು ಕೂಗು ಕೇಳಿದ ಕೂಡಲೇ ಎದ್ದರೋ, ತಡೆದು ಎದ್ದರೋ, ಅದು ನನ್ನ ನೆನಪಿನಲ್ಲಿಲ್ಲ. ಅಪ್ಪ ತಲುಪುವಷ್ಟರಲ್ಲಿ ಅಣ್ಣನ ಉಸಿರು ನಿಂತಿತ್ತು.

ಮಣ್ಣಿಗೆ ಬರಲು ಜನ ಇರಲಿಲ್ಲ. ಐನೋರು ಹಳ್ಳದ ಈಚೆಯಿಂದಲೇ ವಿಭೂತಿ ಕಳಿಸಿದರು. ಅಪ್ಪ, ಮಾವ ಮತ್ತು ಕೂಲಿಯ ಇಬ್ಬರು ಸೇರಿ ಅಲ್ಲೇ ಹೊಲದ ಬದಿಯಲ್ಲಿ ಗುಂಡಿ ತೋಡಿದರು. ನನ್ನನ್ನು ಹತ್ತಿರ ಬಿಡಲಿಲ್ಲ. ನಾನು ಹಲಗೆಯನ್ನು ಅಪ್ಪಿಕೊಂಡು ಕೂತಿದ್ದೆ. ಅದರ ಮೇಲಿದ್ದದ್ದೆಲ್ಲ ಅಳಿಸಿ ಲಂಗ ಬೆಳ್ಳಗಾಗಿತ್ತು.

ಮಣ್ಣು ಮುಗಿಸಿದವರನ್ನು ಹಳ್ಳದಲ್ಲಿ ಮೀಯಿಸಿ ಈಚೆ ಬಿಟ್ಟರು. ಕಾಯಿಲೆಯವನ ಜೊತೆಗಿದ್ದ ಅವ್ವನನ್ನು ಮಾತ್ರ ಕೆಲವು ದಿನ ಆಚೆಯೇ ಇರಿಸಿ, ಅವಳಿಗೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಈಚೆ ಬಿಟ್ಟರು. ಬಂದವಳು ನನ್ನನ್ನು ಮುಟ್ಟಲಿಲ್ಲ. ಸ್ನಾನ ಮಾಡಿ, ಒಲೆ ಹೊತ್ತಿಸಿ, ಜೋಳದ ಹಿಟ್ಟು ನಾದಿದಳು. ಊರು ಇನ್ನೂ ತೆರೆದಿರಲಿಲ್ಲ. ಮೂವರೂ ಒಂದೇ ಗುಡಿಸಲಿನಲ್ಲಿ ಮಾತಿಲ್ಲದೆ ಕೂತಿರುತ್ತಿದ್ದೆವು. ನಾನಂತೂ ಪೂರ್ತಿ ಮೂಕಿಯಾಗಿದ್ದೆ. ನನ್ನಿಂದ ಒಂದು ಮಾತಾದರೂ ಹೊರಡಲಿ ಎಂದೇ ಇರಬೇಕು, ಒಂದು ದಿನ ಅಪ್ಪ ಹಲಗೆ ತೆಗೆದರು.

“ಎಲ್ಲಿಗೆ ಬಂದಿದ್ವಿ, ತಂಗಿ?”

“ಇನ್ನೂರ ಮೂವತ್ತೊಂಬತ್ತು” ಎಂದೆ.

“ಹೌದು. ಅದು ಆತು. ಇನ್ನೂರ ಹದಿನೈದು ಉಳೀತು. ಮುಂದ ಇನ್ನೂರ ನಲವತ್ತೊಂದು.”

ಅವ್ವ ಒಲೆಯ ಮುಂದಿನಿಂದ ತಿರುಗಿದಳು. “ಯಾವುದು ಆತು?”

ಅಪ್ಪ ಹಲಗೆಯನ್ನು ಕೆಳಗಿಟ್ಟರು.

“ಆವತ್ತಿಂದೇನು? ನಾ ಕೂಗಿದಾಗ ಮಾಡತಿದ್ರಲ್ಲ, ಅದಾ? ಅದನ್ನ ಮುಗಿಸಿ ಬಂದ್ರೇನ್ರಿ?”

ಅಪ್ಪ ಸುಳ್ಳು ಹೇಳುವವರಲ್ಲ. “ನನಗ ಗೊತ್ತಾಗವಲ್ದು. ಶೇಷ ನೆನಪೈತಿ ಅಂದ ಮ್ಯಾಲ ಮುಗಿಸೇ ಎದ್ದಿರಬೇಕು” ಎಂದರು.

ಅಂದಿನಿಂದ ಅವ್ವ ಅಪ್ಪನ ಜೊತೆ ನೇರವಾಗಿ ಮಾತಾಡಲಿಲ್ಲ. ಜಗಳವಿಲ್ಲ, ಅಳುವಿಲ್ಲ. ಊಟಕ್ಕಿಟ್ಟು, “ನಿಮ್ಮಪ್ಪಗ ಹೇಳು, ಕೈ ತೊಳಕೊಳ್ಳಲಿ” ಎಂದು ನನಗೆ ಹೇಳುತ್ತಿದ್ದಳು. ಅಪ್ಪ ಅಲ್ಲೇ ಕೂತಿರುತ್ತಿದ್ದರು. ನಾನು ಮತ್ತೆ ಹೇಳುವ ಮೊದಲೇ ಏಳುತ್ತಿದ್ದರು. ಊರಿಗೆ ಮರಳಿ ಮನೆ ಸುಣ್ಣ ಬಳಿದ ಮೇಲೂ ಅದೇ. ನಾನು ಇಲ್ಲದಾಗ ಗೋಡೆಗೆ ಹೇಳುತ್ತಿದ್ದಳಂತೆ. ನೆಂಟರ ನಡುವೆ ಒಮ್ಮೊಮ್ಮೆ ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಮಗ ಸಾಯೋ ಹೊತ್ತಿನ್ಯಾಗ ಲೆಕ್ಕ ಮುಗಿಸಿ ಬಂದ್ರು.” ಅದನ್ನು ಕೇಳಿ ಕೇಳಿ ನನ್ನ ನೆನಪೂ ಅದಕ್ಕೇ ಹೊಂದಿಕೊಂಡಿತು. ಕೂಗು ಕೇಳಿದ ಮೇಲೂ ಅಪ್ಪ ತಲೆ ಬಗ್ಗಿಸಿ ಬರೆಯುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು.

ಅಪ್ಪ ಏಳು ಒಂದುಗಳ ಲೆಕ್ಕವನ್ನು ಒಬ್ಬರೇ ಮುಂದುವರಿಸಿ ಮುಗಿಸಿದರು. ಆ ಮಿತಿಯೊಳಗಿನ ಕೊನೆಯ ಅವಿಭಾಜ್ಯವಾದ ಸಾವಿರದ ಐವತ್ತೊಂದರ ತನಕ ಯಾವುದೂ ಅದನ್ನು ಒಡೆಯಲಿಲ್ಲ. ಅವಿಭಾಜ್ಯ ಎಂದು ತೀರ್ಮಾನಿಸಿದರು. ಸಂತೋಷಪಟ್ಟದ್ದನ್ನು ನಾನು ನೋಡಲಿಲ್ಲ. ದೊಡ್ಡ ಅವಿಭಾಜ್ಯಕ್ಕೆ ಉದಾಹರಣೆ ಕೊಡಿ ಎಂದು ಹುಡುಗರು ಕೇಳಿದರೆ ಬೋರ್ಡಿನ ಮೇಲೆ ಏಳು ಒಂದು ಬರೆದು, ಕೂಡಲೇ ಅಳಿಸಿಬಿಡುತ್ತಿದ್ದರಂತೆ.

ನನ್ನನ್ನು ಮಡಕಶಿರಕ್ಕೆ ಕೊಟ್ಟರು. ಯಜಮಾನರದು ಬೆಟ್ಟದ ಕೆಳಗಿನ ಬಜಾರಿನಲ್ಲಿ ಕಡಲೆಕಾಯಿ ವ್ಯಾಪಾರ. ಗುಡಿಬಂಡೆ, ರೊಳ್ಳದ ಕಡೆಯಿಂದ ಬಂಡಿಗಳು ಬರುತ್ತಿದ್ದವು. ವರ್ಷಗಳು ಕಳೆದವು. ಅಪ್ಪನ ಕಣ್ಣಿಗೆ ಪೊರೆ ಬಂದು, ಕೆಲಸವೂ ಮುಗಿದು, ಮನೆಯ ಹೊಸ್ತಿಲು ಕಾಣದೆ ಎಡವಿ ಬಿದ್ದರೆಂದು ರಾಯದುರ್ಗದಿಂದ ಸೋದರಮಾವ ಹೇಳಿಕಳಿಸಿದ. ಮಗಳ ಮನೆಯಲ್ಲಿ ಅನ್ನ ತಿನ್ನುವುದು ಹೇಗೆ ಎಂದು ಇಬ್ಬರೂ ಹಿಂಜರಿದರು. ಯಜಮಾನರು, “ತಿನ್ಬಾರ್ದು ಅಂತ ಯಾರು ಮಾಡಿದ್ದು? ಅವರೂ ನಮ್ಮೋರೇ ತಾನೆ. ಸುಮ್ಕೆ ಬರಾಕೇಳು” ಎಂದರು. ಬಳ್ಳಾರಿ, ಗುಂತಕಲ್ಲು ಸುತ್ತಿ ರೈಲಿನಲ್ಲಿ ಹಿಂದೂಪುರಕ್ಕೆ ಬಂದು, ಅಲ್ಲಿಂದ ಬಂಡಿಯಲ್ಲಿ ಬಂದಿಳಿದರು. ದಾರಿಯುದ್ದಕ್ಕೂ ಅವ್ವ ಅಪ್ಪನ ಕೈ ಹಿಡಿದೇ ನಡೆಸಿದ್ದಳು. ಮಾತಾಡಿರಲಿಲ್ಲ.

ನಾನು ಮತ್ತೆ ಹತ್ತು ವರ್ಷದ ಹುಡುಗಿಯಾದೆ. “ನಿಮ್ಮಪ್ಪಗ ಹೇಳು, ಹಾಲು ಆರತದ.” “ನಿಮ್ಮಪ್ಪಗ ಹೇಳು, ಅಂಗಿ ತಿರುವಿ ಹಾಕ್ಕೊಂಡಾರ.” ನನ್ನ ಮಕ್ಕಳು ಇದನ್ನು ಆಟವೆಂದು ತಿಳಿದು ತಾವೂ ಹಾಗೇ ಮಾತಾಡತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಆ ದಿನ ಅಪ್ಪ ಎಷ್ಟು ಹೊತ್ತು ತಡ ಮಾಡಿದ್ದಿರಬಹುದು? ಇನ್ನೂರ ಮೂವತ್ತೊಂಬತ್ತರಿಂದ ಭಾಗಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಒಂದು ಜೀವ ಹೋಗುವಷ್ಟೆ? ಇದನ್ನು ನಾನು ಯಾವತ್ತೂ ನೋಡಿರಲಿಲ್ಲ. ಎಲ್ಲರೂ ಮಲಗಿದ್ದ ಒಂದು ಮಧ್ಯಾಹ್ನ ಮಕ್ಕಳ ಹಲಗೆ ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತೆ.

ಏಳು ಒಂದು ಬರೆದೆ. ಮೊದಲ ನಾಲ್ಕು ಒಂದುಗಳಲ್ಲಿ ನಾಕಲೆ ಒಂಬೈನೂರ ಐವತ್ತಾರು ಹೋಗಿ ನೂರ ಐವತ್ತೈದು ಉಳಿಯಿತು. ಒಂದು ಇಳಿಸಿದೆ, ಆರಲೆ ಕಳೆದೆ, ನೂರ ಹದಿನೇಳು. ಒಂದು ಇಳಿಸಿದೆ, ಮತ್ತೆ ನಾಕಲೆ, ಇನ್ನೂರ ಹದಿನೈದು.

ಬಂತು ಎಂದುಕೊಂಡು ಬಳಪ ಕೆಳಗಿಟ್ಟೆ. ಆಮೇಲೆ ಮೇಲೆ ನೋಡಿದರೆ ಸಾಲಿನಲ್ಲಿ ಇನ್ನೂ ಒಂದು ಒಂದು ಉಳಿದಿತ್ತು. ಇಳಿಸಬೇಕಾಗಿದ್ದ ಕೊನೆಯ ಒಂದು.

ಅದನ್ನು ಇಳಿಸಿದೆ. ಎರಡು ಸಾವಿರದ ನೂರ ಐವತ್ತೊಂದಾಯಿತು. ಒಂಬತ್ತಲೆಗೆ ಸರಿಯಾಗಿ ಹೋಯಿತು. ಕೆಳಗೆ ಸೊನ್ನೆ.

ಏಳು ಒಂದುಗಳ ಸಂಖ್ಯೆ ಅವಿಭಾಜ್ಯವಲ್ಲ. ಅದು ಇನ್ನೂರ ಮೂವತ್ತೊಂಬತ್ತನ್ನು ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತರಿಂದ ಗುಣಿಸಿದರೆ ಬರುವ ಸಂಖ್ಯೆ. ಇನ್ನೂರ ಹದಿನೈದು ಶೇಷವೇ ಅಲ್ಲ. ಅದು ನಡುವೆ ನಿಂತುಹೋದ ಭಾಗಾಕಾರದ ಗುರುತು. ಅಪ್ಪ ಲೆಕ್ಕ ಮುಗಿಸಿ ಏಳಲಿಲ್ಲ. ಮುಗಿಯಲು ಒಂದೇ ಒಂದು ಅಂಕಿ ಇದ್ದಾಗ ಬಿಟ್ಟು ಓಡಿದ್ದರು.

ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತು, “ಅಪ್ಪ, ಏಳು ಒಂದು ಒಡೀತದ” ಎಂದೆ.

“ಇಲ್ಲವ್ವ. ನಾ ಎಲ್ಲಾ ನೋಡೀನಿ.”

“ಇನ್ನೂರ ಮೂವತ್ತೊಂಬತ್ತರಿಂದ ಒಡೀತದ.”

ಕಾಣದ ಕಣ್ಣು ಮುಚ್ಚಿ ಬಾಯಲ್ಲೇ ಭಾಗಿಸತೊಡಗಿದರು. ತೊಡೆಯ ಮೇಲೆ ಬೆರಳು ಬರೆಯುತ್ತಿತ್ತು. ಇನ್ನೂರ ಹದಿನೈದಕ್ಕೆ ಬಂದಾಗ ಬೆರಳು ನಿಂತಿತು. “ಇನ್ನೊಂದು ಐತಲ್ಲ” ಎಂದರು ಮೆಲ್ಲಗೆ. ಅದನ್ನೂ ಮುಗಿಸಿದರು. ಸಂಖ್ಯೆ ಒಡೆದದ್ದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

“ಹಂಗಾದ್ರ ನಾ ಮುಗಿಸಿ ಎದ್ದಿಲ್ಲ.”

“ಇಲ್ಲಪ್ಪ. ನಡುವ ಎದ್ರಿ.”

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, “ನಿಮ್ಮವ್ವಗ ಹೇಳಬ್ಯಾಡ” ಎಂದರು.

“ಯಾಕಪ್ಪ?”

“ಇಷ್ಟು ವರ್ಷ ನನ್ನ ಮ್ಯಾಲಿನ ಸಿಟ್ಟು ಹಿಡಕೊಂಡ ಜೀವ ಇಟ್ಟಾಳ. ಅದನ್ನ ಕಸಕೊಂಡ್ರ ಏನು ಹಿಡಕೋತಾಳ?”

ಆ ಮಾತಿಗೆ ಕಟ್ಟುಬಿದ್ದು ಸ್ವಲ್ಪ ದಿನ ಸುಮ್ಮನಿದ್ದೆ. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು. ಉಣ್ಣುವುದು ಕಡಿಮೆಯಾಯಿತು, ಕಾಲು ಊದಿತು. ಇವರು ಹೀಗೇ ಹೋಗಿಬಿಟ್ಟರೆ ಎಂದು ದಿಗಿಲಾಯಿತು. ಅವ್ವ ಕಡಲೆಕಾಯಿ ಸುಲಿಯುತ್ತಿದ್ದಾಗ ಎದುರು ಕೂತು ಎಲ್ಲವನ್ನೂ ಹೇಳಿದೆ.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತವರಿನ ಅಂಗಡಿಯಲ್ಲಿ ಕೇಳಿ ಬೆಳೆದ ಬಾಯಿಲೆಕ್ಕ ಇತ್ತು. ಕೈ ನಿಲ್ಲಿಸದೆ ಕೇಳಿದಳು. ಕೊನೆಯ ಮೆಟ್ಟಿಲಿಗೆ ಬಂದಾಗ ತಾನೇ ಹೇಳಿಕೊಂಡಳು: “ಇನ್ನೂರ ನಲವತ್ತು ಒಂಬತ್ತಲೆ ಎರಡು ಸಾವಿರದ ನೂರ ಅರವತ್ತು. ಅದರಾಗ ಒಂಬತ್ತು ತಗದ್ರ ಎರಡು ಸಾವಿರದ ನೂರ ಐವತ್ತೊಂದು.” ಸುಲಿಯುವ ಕೈ ನಿಂತಿತು. “ಏನೂ ಉಳಿಯೂದಿಲ್ಲ.”

“ಏನೂ ಉಳಿಯೂದಿಲ್ಲವ್ವ.”

“ಆ ಕಡೀ ಒಂದನ್ನ ಇಳಿಸಿ ಮುಗಿಸಾಕ ಎಷ್ಟು ಹೊತ್ತು ಬೇಕು?”

“ನೀ ಈಗ ಹೇಳಿದಿಯಲ್ಲ, ಅಷ್ಟ.”

“ಅಷ್ಟೂ ತಡೀಲಿಲ್ಲ ಅಂತೀ.”

ಅವಳು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ, ಸೆರಗು ಕೊಡವಿ ಎದ್ದು ಅಪ್ಪನ ಹಾಸಿಗೆಯ ಬಳಿ ಹೋದಳು. ನಾನು ಬಾಗಿಲಲ್ಲೇ ನಿಂತೆ. ಅಷ್ಟು ವರ್ಷಗಳ ಮೇಲೆ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತು ನನ್ನ ಕಿವಿಯಲ್ಲಿದೆ.

“ಎಷ್ಟು ಸಲ ಕೇಳಿಸ್ತು ನಿಮಗ?”

ಯಾವ ದಿನದ ಮಾತೆಂದು ಅಪ್ಪ ಕೇಳಲಿಲ್ಲ. “ಒಂದ ಸಲ.”

“ನಾ ಎರಡು ಸಲ ಕೂಗಿದ್ದೆ.”

“ಗಾಳಿ ಇತ್ತು.”

“ಇತ್ತು” ಎಂದಳು ಅವ್ವ. ಹೊದಿಕೆ ಸರಿಪಡಿಸಿ ಅಲ್ಲೇ ನೆಲಕ್ಕೆ ಕೂತಳು.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಮೊದಲನೆಯ ಕೂಗು ನಿಜವಾಗಿ ಗಾಳಿಯಲ್ಲಿ ಹೋಯಿತೋ, ಕೇಳಿಸಿಯೂ ಅಪ್ಪ ಕೂತಿದ್ದರೋ, ಅದನ್ನು ಯಾವ ಭಾಗಾಕಾರವೂ ಹೇಳುವುದಿಲ್ಲ. ಅವ್ವನಿಗೂ ಅದು ಗೊತ್ತಿತ್ತು. ಅವಳ ಮುಖ ಸಡಿಲವಾಗಲಿಲ್ಲ. ಆದರೆ “ನಿಮ್ಮಪ್ಪಗ ಹೇಳು” ಎನ್ನುವುದು ನಿಂತಿತು. “ಇಕಾ, ಬಾಯಿ ತಗೀರ್ರಿ” ಎಂದು ತಾನೇ ಗಂಜಿ ಕುಡಿಸುತ್ತಿದ್ದಳು. ಅಪ್ಪ ಕೆಲವೊಮ್ಮೆ ಅಣ್ಣನ ಸುದ್ದಿ ತೆಗೆಯುತ್ತಿದ್ದರು. ಅವನು ಗಜ ಹಿಡಿಯುವಾಗ ಬಡವರಿಗೆ ಒಂದು ಬೆರಳು ಹೆಚ್ಚು ಬಿಡುತ್ತಿದ್ದನಂತೆ, ಮಾವ ಬೈಯುತ್ತಿದ್ದನಂತೆ. ಅವ್ವ “ಹೂಂ” ಎನ್ನುತ್ತಿದ್ದಳು. ಮನೆಯಲ್ಲಿ ಅಣ್ಣನ ಮಾತು ಬಂದದ್ದೇ ಆಗ. ಹೀಗೆ ಕೂತು ಮಾತಾಡಲು ಅವರಿಗೆ ಸಿಕ್ಕಿದ್ದು ಒಂದು ಚಳಿಗಾಲ ಮಾತ್ರ. ಬೇಸಿಗೆ ಕಾಲಿಡುವ ಹೊತ್ತಿಗೆ ಅಪ್ಪ ತೀರಿಕೊಂಡರು. ಮಡಕಶಿರದಲ್ಲೇ ಮಣ್ಣು ಮಾಡಿದೆವು.

ಮುಂದಿನ ವರ್ಷ ಅವ್ವ ರಾಯದುರ್ಗಕ್ಕೆ ಕರೆದುಕೊಂಡು ಹೋಗು ಎಂದಳು. ಮಾವನ ಮನೆಯಲ್ಲಿ ಇಳಿದು, ಬೆಳಿಗ್ಗೆ ಇಬ್ಬರೂ ಹಳ್ಳ ದಾಟಿ ಆ ಹೊಲಕ್ಕೆ ನಡೆದೆವು. ಹೊಲ ಕೈಬದಲಾಗಿತ್ತು. ಬದುಗಳನ್ನು ಒಡೆದು ಎರಡು ಮೂರು ಹೊಲಗಳನ್ನು ಕೂಡಿಸಿ ಹತ್ತಿ ಹಾಕಿದ್ದರು. ಯಾವ ಬದಿಯಲ್ಲಿ ಗುಂಡಿ ತೋಡಿದ್ದು ಎಂದು ಅವ್ವನಿಗೆ ಗುರುತು ಹತ್ತಲಿಲ್ಲ. ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ನಡೆದು ನಿಂತಳು. ಹೊಲದವನು ನಮ್ಮನ್ನು ನೋಡಿ ಬಂದ. ಏನು ಬೇಕೆಂದು ಕೇಳಿದ.

“ಉಳುವಾಗ ಇಲ್ಲಿ ಏನಾರ ಸಿಕ್ಕಿತ್ತೇನಪ್ಪ?” ಎಂದಳು ಅವ್ವ.

ಅವನಿಗೆ ಅರ್ಥವಾಯಿತೆಂದು ಕಾಣುತ್ತದೆ. ಆ ದಂಡೆಯ ಹೊಲ ಕೊಂಡವನಿಗೆ ತಿಳಿಯದೆ ಇರುತ್ತದೆಯೆ? ರುಮಾಲು ತೆಗೆದು ಕೈಯಲ್ಲಿ ಹಿಡಿದು, “ಇಲ್ಲಬೇ ಯವ್ವಾ, ಏನೂ ಸಿಕ್ಕಿಲ್ಲ” ಎಂದ. ಬಾವಿಯಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟ. ಅವ್ವ ನಿಂತೇ ಕುಡಿದು, ತಂಬಿಗೆ ತಿರುಗಿ ಕೊಟ್ಟಳು. ಬಿಸಿಲೇರುವ ಮೊದಲೇ ನಾವು ಹಳ್ಳಕ್ಕೆ ಇಳಿದೆವು.